ಎಂಜಿನ್ ನಿಂತ ಮೇಲೆ

ಕೇಪ್ ಬ್ರೆಟನ್, ಭಾನುವಾರ

ಕೆಳಮನೆಯ ಯೂನಿಸಮ್ಮನವರಿಗೆ ಮಹಡಿಯ ಟೆಸ್ ಮಾಡುವ ವಂದನೆಗಳು.

ಚರ್ಚಿಗೆ ಹೊರಡುವಾಗ ದಯವಿಟ್ಟು ವೈಫೈ ಆರಿಸಬೇಡಿ. ತಿಮಿಂಗಿಲಗಳ ಹಾಡು ಹಿಡಿಯಲು ಕೊಲ್ಲಿಯ ತಳದಲ್ಲಿಟ್ಟ ಮೈಕಿನ ಹಳೆಯ ಧ್ವನಿಮುದ್ರಣಗಳನ್ನು ನನ್ನ ಸ್ಕ್ರಿಪ್ಟ್ ಒಂದೊಂದಾಗಿ ಕ್ಲೌಡಿಗೆ ಏರಿಸುತ್ತಿದೆ. ದೋಣಿಯ ಸದ್ದಿರುವ ಫೈಲುಗಳನ್ನು ಬಿಟ್ಟುಬಿಡುವಂತೆ ಅದರಲ್ಲಿ ಬರೆದಿದ್ದೆ. ಹಾಗೆ ಬಿಟ್ಟದ್ದೊಂದನ್ನು ಸುಮ್ಮನೆ ಕೇಳಿದೆ.

ಊರಿಗೆಲ್ಲ ಗೊತ್ತಿದ್ದ, ನಿಮ್ಮ ಯಜಮಾನರು ಡೂಗಲ್ಡರ ದೋಣಿಯ ಕೆಮ್ಮುವ ಎಂಜಿನ್! ಅದು ನಿಂತಿತು. ಆಮೇಲೆ ತಿಮಿಂಗಿಲವೊಂದು ದೋಣಿಯ ಕೆಳಗೇ ಬಂದು ಹಾಡಿತು. ಹಾಡು ಮುಗಿಯುವವರೆಗೂ ಎಂಜಿನ್ ಉಸಿರೆತ್ತಲಿಲ್ಲ.

"ಬಲೇನೂ ಹಾಕ್ದೆ ಕೊಲ್ಲೀಲಿ ಕೂತಿದ್ದು ಬರಿಗೈಲಿ ಬರೋನು, ದಂಡಪಿಂಡ!" ಎಂದು ಅವರು ತೀರಿಕೊಂಡ ಮೇಲೂ ಬೈಯುತ್ತೀರಲ್ಲ.

ದೋಣಿಯ ಸದ್ದು ಬೇಡವೆಂಬ ಸಾಲನ್ನು ಈಗಷ್ಟೇ ಅಳಿಸಿದೆ. ಅವರ ದೋಣಿಯೂ ಮೇಲೇರುತ್ತಿದೆ.

ಚರ್ಚಿನಿಂದ ಬಂದವರೇ ಮಹಡಿ ಹತ್ತಿ ಬನ್ನಿ. ಹೆಡ್‌ಫೋನ್ ಒಂದೇ ಇದೆ. ಅದು ನಿಮಗೆ.

ನಿಮ್ಮ ಬಾಡಿಗೆಯವಳು,
ಟೆಸ್