ಆ ಮಂಗಳವಾರದ ತಿಂಡಿ

ನನ್ನ ಹಟಮಾರಿ ಅಪ್ಪನಿಗೆ,

ಹೊಳೆನರಸೀಪುರದ ಮಾಜಿ ಸೈನಿಕರ ಸಂಘದಲ್ಲಿ ನಾನು ನೆನಪಿನ ಶಕ್ತಿಯ ತರಗತಿ ಶುರು ಮಾಡಿದ ಮೊದಲ ಮಂಗಳವಾರ ನೆನಪಿದೆಯಾ? ಈ ಪ್ರಶ್ನೆಯನ್ನು ನಿನಗೆ ಕೇಳುವುದೇ ತಪ್ಪು, ಇರಲಿ. ಮೂವತ್ತು ವರ್ಷ ನರ್ಸಾಗಿದ್ದವಳು, ಹನ್ನೆರಡು ಜನ ಮುದುಕರನ್ನು ನಿಭಾಯಿಸಲಾರೆನೇ ಅಂದುಕೊಂಡಿದ್ದೆ. ದಿನಾ ನಡೆಯಿರಿ, ಬಿ.ಪಿ. ನೋಡಿಸಿಕೊಳ್ಳಿ, ಮೂಲೆ ಹಿಡಿದು ಕೂರಬೇಡಿ, ಮಿದುಳಿಗೂ ಕವಾಯತು ಬೇಕು ಅಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಮುಂದಿನ ಸಾಲಿನಲ್ಲಿ ಮೀಸೆ ತಿರುವಿಕೊಂಡು ಕೂತಿದ್ದ ನಿನ್ನನ್ನೇ ಕೇಳಿದೆ, "ಬೆಳಿಗ್ಗೆ ಏನು ತಿಂಡಿ ತಿಂದ್ರಿ?"

ನೀನು ಎದ್ದು ಅಟೆನ್ಷನ್‌ನಲ್ಲಿ ನಿಂತೆ. ಹೆಸರು, ರ್‍ಯಾಂಕು, ನಂಬರು ಹೇಳಿ ಕೂತುಬಿಟ್ಟೆ.

"ತಿಂಡಿ ಅಪ್ಪಾ, ತಿಂಡಿ!"

"ಶತ್ರು ಕೈಗೆ ಸಿಕ್ಕಾಕ್ಕಂಡ್ರೆ ಸಿಪಾಯಿ ಈ ಮೂರೇ ಏಳಾದು ಕಣ್ ಮೇಡಂ. ತಿಂಡಿ ಇಚಾರ ಬಾಯ್ ಬುಡಕಿಲ್ಲ."

ಮುಂದಿನ ವಾರ ನಿನ್ನ ಗೆಳೆಯ, ಅರಕಲಗೂಡಿನ ಪುಟ್ಟೇಗೌಡರೂ ಅದೇ ರಾಗ ಹಿಡಿದರು. ತಿಂಗಳೊಳಗೆ ಇಡೀ ತರಗತಿಗೆ ಅಂಟಿತು. ನಾನು ಪಾಠ ಹೇಳಲು ಬಂದವಳೋ, ಶತ್ರುದೇಶದವಳೋ ನನಗೇ ಅನುಮಾನ.

ಒಂದು ಬೆಳಿಗ್ಗೆ ಮನೆಯಲ್ಲಿ, ತಿಂದು ಕೈ ತೊಳೆದು ಬಂದವನು ಅಡುಗೆಮನೆ ಬಾಗಿಲಲ್ಲಿ ನಿಂತು, "ತಿಂಡಿ ಆಯ್ತೇನವ್ವಾ?" ಅಂದೆ. ನಾನು ನಿನ್ನ ಎಂಜಲು ತಟ್ಟೆ ನೋಡಿದೆ. ನೀನೂ ನೋಡಿದೆ. "ಹವಾಲ್ದಾರ್ ತಿಮ್ಮೇಗೌಡ..." ಅಂತ ಶುರು ಮಾಡಿದೆ. ಆವತ್ತು ನನಗೆ ನಗು ಬರಲಿಲ್ಲ. ಹಾಸನದ ಡಾಕ್ಟರ ಹತ್ತಿರ ಹೋಗೋಣ ಅಂದರೆ, "ನಂಗೇನಾಗದೆ?" ಅಂತ ಗದರಿದೆ. ಮರೆತೆ ಕಣವ್ವಾ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ... ಅಷ್ಟರಲ್ಲಿ ಎದೆನೋವು ಬಂತು, ನೀನು ಹೊರಟೇಹೋದೆ.

ನಿನ್ನ ತಿಥಿ ಮುಗಿಸಿ ತರಗತಿಗೆ ಹೋದವಳು, ಹಾಜರಿ ಕರೆಯುತ್ತಾ, "ತಿಮ್ಮೇಗೌಡರು" ಅಂತ ಕೂಗಿಬಿಟ್ಟೆ. ಪುಟ್ಟೇಗೌಡರು ಎದ್ದು ನಿನ್ನ ಹೆಸರು, ರ್‍ಯಾಂಕು, ನಂಬರು ಒಂದಂಕಿ ತಪ್ಪದೆ ಹೇಳಿದರು. ವಾರ ವಾರ ಕೇಳಿ ಬಾಯಿಪಾಠವಾಗಿತ್ತಂತೆ!

"ಮರೆತುಬಿಟ್ಟೆ," ಅಂದೆ. "ಅಪ್ಪ ಇಲ್ಲ ಅನ್ನೋದನ್ನೇ ಮರೆತುಬಿಟ್ಟೆ." ಎಲ್ಲರೆದುರೇ ಅತ್ತೆ.

ಪುಟ್ಟೇಗೌಡರು ಕೂರಲಿಲ್ಲ. "ಬೆಳಗ್ಗೆ ತಿಂದದ್ದು ನಂಗೂ ಗ್ಯಾನ ಇಲ್ಲ ಕಣವ್ವಾ. ತಿಮ್ಮಣ್ಣನ ಮುಂದೆ ಒಪ್ಕಳಕೆ ನಾಚ್ಕೆ ಆಯ್ತಿತ್ತು."

ಚನ್ನರಾಯಪಟ್ಟಣದ ಸುಬೇದಾರರು ಅರ್ಧ ಕೈ ಎತ್ತಿದರು. "ಅಂಗಾರೆ ನಂದೂ ಬರ್ಕಳಿ. ಬಸ್ ಇಳುದ್ರೆ ಇಲ್ಲಿಗ್ ಬರೋ ದಾರಿ..."

ಒಟ್ಟು ಐದು ಕೈ. ಮೊನ್ನೆ ಐವರನ್ನೂ ಹಾಸನಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಇಬ್ಬರಿಗೆ ಮಾತ್ರೆ ಶುರುವಾಗಿದೆ. ಪುಟ್ಟೇಗೌಡರ ಹೆಂಡತಿ ದಿನಾ ಅವರ ಜೊತೆ ನಡೆಯುತ್ತಾರೆ. ಒಬ್ಬರಿಗಂತೂ ಮರೆವೇ ಇಲ್ಲವಂತೆ, ಕಿವಿ ಮಂದ. ಕೇಳಿಸದೇ ಇದ್ದದ್ದನ್ನು ಮರೆಯುವುದಾದರೂ ಹೇಗೆ? ನಿನ್ನ ಪಡೆ ಶರಣಾಗಿದೆ ಅಪ್ಪಾ, ಬೈಯಬೇಡ.

ಆ ಮೊದಲ ಮಂಗಳವಾರ ನೀನು ತಿಂದಿದ್ದು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೂರು ರೊಟ್ಟಿ ಮುಗಿಸಿ, ನಾಲ್ಕನೆಯದನ್ನು ಬೇಡ ಬೇಡ ಅನ್ನುತ್ತಲೇ ಹಾಕಿಸಿಕೊಂಡೆ. ಅದನ್ನು ನಿನ್ನ ಪರವಾಗಿ ನಾನು ನೆನಪಿಟ್ಟುಕೊಂಡಿರುತ್ತೇನೆ. ಯಾರು ಕೇಳಿದರೂ ಬಾಯಿ ಬಿಡುವುದಿಲ್ಲ.

ನಿನ್ನ ಮೇಡಂ ಮಗಳು