ಕುದುರೆ ಹಾಡು ಬಂದರೆ

ಗ್ಯಾರೇಜಿನ ಹಿಂದಿನ ಕೋಣೆಯಿಂದ,
ಹನ್ನೊಂದನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆರಳುಗಳು ಹೇಗಿವೆ? ಚಳಿ ಬಿದ್ದರೆ ನಡುಬೆರಳು ಈಗಲೂ ಸೆಟೆದುಕೊಳ್ಳುತ್ತದೆಯಾ? ಬಿಸಿನೀರಿನಲ್ಲಿ ಅದ್ದಿಡು ಎಂದರೆ ಕೇಳುವವಳಲ್ಲ ನೀನು, ಆದರೂ ಹೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲಾ ಇಲ್ಲಿದ್ದಾಗಿನ ಹಾಗೆ ಎಲ್ಲರ ತಟ್ಟೆ ತೊಳೆದ ಮೇಲೆ ಪಾತ್ರೆಯ ತಳ ಕೆರೆದುಕೊಂಡು ತಿನ್ನುತ್ತೀಯಾ? ಈ ಪತ್ರವನ್ನು ಚಿಕ್ಕಮ್ಮ ಬೇರೆ ಕವರಿಗೆ ಹಾಕಿ ನಿನಗೆ ಕಳಿಸುತ್ತಾಳೆ. ವಿಳಾಸ ನನಗೇ ಕೊಡು ಎಂದು ಎಷ್ಟು ಗೋಗರೆದರೂ ಕೊಡಲಿಲ್ಲ. "ನಿನಗೆ ಗೊತ್ತಿದ್ರೆ ನಿಮ್ಮಪ್ಪ ಹೊಡೆದು ಬಾಯಿ ಬಿಡಿಸ್ತಾನೆ. ಗೊತ್ತಿಲ್ದೆ ಇದ್ರೆ ಬರೀ ಹೊಡೀತಾನೆ" ಎಂದಳು. ಅವಳು ಹೇಳುವುದರಲ್ಲೂ ನ್ಯಾಯವಿದೆ. ನೀನು ಯಾವುದೋ ಹೊಲಿಗೆ ಅಂಗಡಿಯಲ್ಲಿದ್ದೀಯ, ನಿನ್ನ ಫೋನಿಗೆ ನಂಬರೇ ಇಲ್ಲ, ಅಂಗಡಿಯ ವೈಫೈಯಲ್ಲಿ ಹಾಡು ಕೇಳಲು ಮಾತ್ರ ಅದನ್ನು ಇಟ್ಟುಕೊಂಡಿದ್ದೀಯ ಎಂಬಷ್ಟನ್ನು ಬಾಯಿ ಬಿಡಿಸಲು ನನಗೆ ಎರಡು ಸಂಜೆ ಹಿಡಿಯಿತು.

ನಾನು ಚೆನ್ನಾಗಿದ್ದೇನೆ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು, ನೀಲಿ ಹೋಗಿ ಈಗ ಹಳದಿಗೆ ತಿರುಗಿದೆ, ಅಂದರೆ ಮಾಯುತ್ತಿದೆ. ಈ ಬಣ್ಣಗಳ ಸರದಿ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾನೆ. ಗಾಬರಿಯಾಗಬೇಡ, ಪ್ರಾಣಕ್ಕೇನೂ ಆಗಿಲ್ಲ. ಅದನ್ನು ಸರಿಯಾಗಿ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನೀನು ನನ್ನನ್ನೇ ಬೈಯುತ್ತೀಯ.

ರೇಡಿಯೋ ತಂದ ದಿನ ನೆನಪಿದೆಯಾ? ಹಳೇ ಫೋನೊಂದನ್ನು ಸ್ಪ್ಯಾನರುಗಳ ಮೇಲಿನ ಹಲಗೆಗೆ ಒರಗಿಸಿ, ಸ್ಪೀಕರಿಗೆ ವೈರು ಸಿಕ್ಕಿಸಿ, ನಿನ್ನ ಹೆಸರಿನಲ್ಲಿ ಖಾತೆ ತೆರೆದು, ನೀನು ನನಗೆ ಪಾಠ ಮಾಡಿದ್ದೆ. ಇದು ಊರಿಗೆಲ್ಲ ಒಂದೇ ಹಾಡು ಹಾಕುವ ರೇಡಿಯೋ ಅಲ್ಲ. ಹಿಡಿಸಿದರೆ ಮೇಲೆ ಎತ್ತಿದ ಹೆಬ್ಬೆರಳನ್ನು ಒತ್ತಬೇಕು, ಹಿಡಿಸದಿದ್ದರೆ ಕೆಳಗೆ ಮಾಡಿದ್ದನ್ನು ಒತ್ತಬೇಕು, ಅದು ನಮ್ಮ ರುಚಿ ಕಲಿತುಕೊಂಡು ನಾವು ಹುಟ್ಟಿದಾರಭ್ಯ ಕೇಳದ ಹಾಡನ್ನೂ ಎಲ್ಲಿಂದಲೋ ಹುಡುಕಿ ತರುತ್ತದೆ ಎಂದೆ. ಆಮೇಲೆ ಕಾರಿನ ಸೀಟುಗಳ ರಾಶಿಯ ಮೇಲೆ ಕೂತು, ಡೊಂಕು ಸೂಜಿಗೆ ದಾರ ಪೋಣಿಸುತ್ತಾ, "ಇಷ್ಟು ವರ್ಷಕ್ಕೆ ನನ್ನ ಇಷ್ಟ ಏನು ಅಂತ ಕೇಳಿದ್ದು ಇದೊಂದೇ ನೋಡು" ಎಂದು ನಕ್ಕೆ. ನಾನೂ ನಕ್ಕೆ.

ಅಪ್ಪನಿಗೆ ಆ ಕುದುರೆ ಹಾಡೊಂದು ಸಿಕ್ಕಿತಲ್ಲ, ಶುರುವಿನಲ್ಲಿ ಕುದುರೆ ಓಡುವ ಸದ್ದು, ಅದರ ಹಿಂದೆ ಡೋಲು, ಅದರ ಹಿಂದೆ ಒಬ್ಬ ಗಂಡಸಿನ ಗಂಟಲು ಹರಿಯುವ ಕೂಗು. ಅದರ ತಾಳಕ್ಕೇ ಅವನು ಡೆಂಟ್ ಹೊಡೆಯುತ್ತಿದ್ದ. ಬಂದಾಗಲೆಲ್ಲ ನನ್ನಿಂದ ಮೇಲಿನ ಹೆಬ್ಬೆರಳು ಒತ್ತಿಸಿ ಒತ್ತಿಸಿ, ಅದು ದಿನಕ್ಕೆ ಹತ್ತು ಸಲ ಬರುವಂತಾಯಿತು. ತಗಡಿನ ಸದ್ದಿನಲ್ಲಿ ಅವನ ಕಿವಿ ಅರ್ಧ ಹೋಗಿದೆ, ನಮ್ಮ ಕಿವಿ ಹೋಗಿರಲಿಲ್ಲವಲ್ಲ. ನೀನು ಕೆಳಹೆಬ್ಬೆರಳು ಒತ್ತಿದೆ, ಹಾಡು ಮಾಯವಾಯಿತು. ಮೂರನೇ ದಿನ ಅವನು ಕೇಳಿದಾಗ ನೀನು ಸುಳ್ಳು ಹೇಳಬಹುದಿತ್ತು. "ನಾನೇ ಬೇಡ ಅಂದೆ" ಎಂದುಬಿಟ್ಟೆ. ಅವನು ರಿಪೇರಿಗೆ ಬಂದಿದ್ದ ಬಿಳೀ ಕಾರಿನ ಹತ್ತಿರ ನಿನ್ನನ್ನು ಎಳೆದುಕೊಂಡು ಹೋಗಿ, ನಿನ್ನ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ. ಒಮ್ಮೆ ಹಾಕಿದ್ದು ಸರಿಯಾಗಿ ಕೂರಲಿಲ್ಲ ಎಂಬಂತೆ ಇನ್ನೊಮ್ಮೆ ಹಾಕಿದ. ನಾನು ಬಂಪರಿನ ಕೆಳಗೆ ಮಲಗಿ ಬೋಲ್ಟು ಬಿಚ್ಚುತ್ತಿದ್ದೆ, ಹೊರಗೆ ತೆವಳಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರು ಬೆರಳು ಮುರಿದಿದ್ದವು. ಬ್ಯಾಂಡೇಜು ಬಿಚ್ಚಿದ ವಾರವೇ ನೀನು ದಾರ ತರುತ್ತೇನೆ ಎಂದು ಹೋದವಳು ಬರಲಿಲ್ಲ.

ನನಗೂ ಹೇಳದೆ ಹೋದೆ. ಅಮ್ಮಾ, ಅದಕ್ಕೆ ನಿನ್ನನ್ನು ನಾಲ್ಕು ತಿಂಗಳು ಬಾಯಿಗೆ ಬಂದಂತೆ ಬೈದಿದ್ದೇನೆ, ಗೊತ್ತಿರಲಿ. ಬದುಕಿದ್ದೀಯೋ ಇಲ್ಲವೋ ಎಂದೂ ತಿಳಿಯದೆ ಬೈದಿದ್ದೇನೆ. ಚಿಕ್ಕಮ್ಮನೂ ಆಗ ತುಟಿ ಪಿಟಕ್ಕೆನ್ನಲಿಲ್ಲ. ರೇಡಿಯೋ ಮಾತ್ರ ಹಲಗೆಯ ಮೇಲೆ ಹಾಡುತ್ತಲೇ ಇತ್ತು. ಸದ್ದಿಲ್ಲದೆ ಅಪ್ಪನ ಕೈ ಓಡುವುದಿಲ್ಲ, ಅದನ್ನು ಒತ್ತುವುದು ಹೇಗೆ ಎಂದೂ ಅವನಿಗೆ ಗೊತ್ತಿಲ್ಲ, ಬೇರೆಯವರು ಮುಟ್ಟಿದರೆ ಕೈ ಕತ್ತರಿಸುತ್ತೇನೆ ಎಂದಿದ್ದ. ಕುದುರೆ ಹಾಡು ಮತ್ತೆ ಬರುವ ಹಾಗೆ ಮಾಡು ಎಂದಾಗ, ಅದನ್ನು ಈಗ ಕಂಪನಿಯವರೇ ತೆಗೆದುಹಾಕಿದ್ದಾರೆ ಎಂದು ನಾನು ಸುಳ್ಳು ಹೇಳಿದ್ದೆ. ನಂಬಿದ್ದ.

ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊಸ ಹಾಡು ಬಂತು. ಏಳೆಂಟು ಹೆಂಗಸರು ಒಟ್ಟಿಗೆ ಹಾಡುತ್ತಿದ್ದರು. ವಾದ್ಯವಿಲ್ಲ, ಭಾಷೆ ತಿಳಿಯದು, ಸಾಲಿನ ಕೊನೆಗೆ ಎಲ್ಲರೂ ಒಮ್ಮೆಗೇ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಇಂಥದ್ದನ್ನು ಈ ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ, ಯಂತ್ರಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ. ಅಪ್ಪ ಊಟಕ್ಕೆ ಹೋದಾಗ ಪಟ್ಟಿ ತೆಗೆದು ನೋಡಿದರೆ ಆ ಹಾಡಿನ ಪಕ್ಕ ಮೇಲ್ಹೆಬ್ಬೆರಳು ಬಿದ್ದಿದೆ, ಒತ್ತಿದವರು ನಾವ್ಯಾರೂ ಅಲ್ಲ. ನನ್ನನ್ನು ಬಿಟ್ಟರೆ ಆ ಖಾತೆಯ ಪಾಸ್‌ವರ್ಡ್ ಗೊತ್ತಿದ್ದವಳು ನೀನೊಬ್ಬಳೇ. ಪರೀಕ್ಷಿಸೋಣ ಎಂದು ನಾನು ಕೆಳಹೆಬ್ಬೆರಳು ಒತ್ತಿದೆ. ಮಾರನೇ ದಿನ ನೋಡಿದರೆ ಮತ್ತೆ ಮೇಲೆ. ಮತ್ತೆ ಕೆಳಗೆ ಒತ್ತಿದೆ. ಮತ್ತೆ ಮೇಲೆ. ಇಷ್ಟು ಹಠ ಪ್ರಪಂಚದಲ್ಲಿ ಇನ್ನೊಬ್ಬರಿಗಿಲ್ಲ. ಟಯರುಗಳ ಹಿಂದೆ ಕೂತು ಅತ್ತೆ, ಆಮೇಲೆ ಮುಖ ತೊಳೆದುಕೊಂಡು ಹೋಗಿ ಒಂದು ಬಾಗಿಲಿಗೆ ಉಪ್ಪುಕಾಗದ ಉಜ್ಜಿದೆ.

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಮಾತು. ಒಬ್ಬ ಮುದುಕ ಊದುವ ಒಡಕು ಕೊಳಲು ನನಗೆ ಹಿಡಿಸಿತು, ಒತ್ತಿದೆ. ಎರಡು ದಿನಕ್ಕೆ ರೇಡಿಯೋ ಹೆಂಗಸರ ದನಿಯೂ ಕೊಳಲೂ ಎರಡೂ ಇರುವ ಒಂದನ್ನು ಹುಡುಕಿ ತಂದಿತು, ನಿನಗೂ ಬಂದಿರಬೇಕು, ನೀನೂ ಒತ್ತಿದೆ. ನೀನು ಮಧ್ಯಾಹ್ನ ಎರಡರಿಂದ ಮೂರರೊಳಗೆ ಒತ್ತುತ್ತಿದ್ದೆ, ಗುಂಡಿ ಹಾಕುವ ಕೆಲಸದ ಹೊತ್ತೇ? ದಿನವೂ ಆ ಹೊತ್ತಿಗೆ ನಾನು ಸ್ಪೀಕರಿನ ಹತ್ತಿರದ ಕೆಲಸವನ್ನೇ ಹಿಡಿದುಕೊಂಡು ಮೈಯೆಲ್ಲ ಕಿವಿಯಾಗಿ ಇರುತ್ತಿದ್ದೆ. ಹತ್ತಿರವಿದ್ದಾಗ ನಾವು ಇಷ್ಟು ಮಾತಾಡಿದ್ದಿಲ್ಲ.

ಇನ್ನು ಹೇಳಲು ನಾಚಿಕೆಯಾಗುವುದನ್ನು ಹೇಳುತ್ತೇನೆ. ಪೇಂಟರಣ್ಣನಿಗೂ ಆ ಹಾಡುಗಳು ಹಿಡಿಸಿದವು. ಬಣ್ಣ ಸಿಂಪಡಿಸುತ್ತಾ ಮುಖವಾಡದೊಳಗೇ ಗುನುಗುತ್ತಿದ್ದ. ಅಪ್ಪನ ತಲೆಯಲ್ಲಿ ರೇಡಿಯೋ ಎಂದರೆ ಎಲ್ಲೋ ಒಬ್ಬ ಮನುಷ್ಯ ಕೂತು ಕೇಳಿದವರಿಗೆ ಹಾಡು ಹಾಕುವುದು ಅಂತಲೇ ಇರುವುದು. ತನ್ನ ಹಾಡಿನ ಜಾಗಕ್ಕೆ ಈ ಹೆಂಗಸರ ರಾಗವನ್ನು ಹಾಕಿಸುತ್ತಿರುವವನು ಇವನೇ ಎಂದು ತೀರ್ಮಾನ ಮಾಡಿದ. ಹೋದ ತಿಂಗಳು ಒಂದು ಬೆಳಿಗ್ಗೆ, ಪೇಂಟರಣ್ಣ ಗುನುಗುತ್ತಾ ಬಾಗಿ ಬಣ್ಣ ಕಲಸುತ್ತಿದ್ದಾಗ, ಸೈಲೆನ್ಸರಿನ ಪೈಪು ತೆಗೆದುಕೊಂಡು ಬೆನ್ನಿಗೆ ಬಾರಿಸಿದ. ಬಿದ್ದವನನ್ನು ತಿರುಗಿಸಿ ಬಾಯಿಗೆ ಬಾರಿಸಿದ. ಬಣ್ಣದ ಡಬ್ಬ ಮಗುಚಿ, ಕೆಂಪು ಬಣ್ಣ ಯಾವುದು ರಕ್ತ ಯಾವುದು ತಿಳಿಯದಂತಾಯಿತು. "ಯಾರಿಗೆ ಹೇಳಿ ಹಾಕಿಸ್ತಿದ್ದೀಯೋ" ಎನ್ನುತ್ತಾ ಒಂದೊಂದು ಮಾತಿಗೆ ಒಂದೊಂದು ಏಟು. ನಾನು ಹತ್ತಡಿ ದೂರದಲ್ಲಿದ್ದೆ. ಅದು ನಾನು ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ನಿನ್ನ ಬಗ್ಗೆ ಬರುತ್ತಿತ್ತು. ಎರಡು ಪಕ್ಕೆಲುಬು ಮುರಿದವು, ಮುಂದಿನ ನಾಲ್ಕು ಹಲ್ಲು ಹೋದವು. ಆಮೇಲೆ ಅವನ ಮನೆಗೆ ಹೋಗಿ ನಿಜ ಹೇಳಿದೆ. ಅವನ ಹೆಂಡತಿ ನನ್ನನ್ನು ಕೂರು ಎನ್ನಲಿಲ್ಲ, ಸರಿಯಾಗಿಯೇ ಮಾಡಿದಳು. ಅವನು ಮಾತ್ರ ಬೊಚ್ಚುಬಾಯಲ್ಲಿ "ಹಾಡು ಚೆನ್ನಾಗಿತ್ತು ಬಿಡಮ್ಮ" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೇಂಟರಣ್ಣ ಹೋದ ಮೇಲೂ ಹೆಂಗಸರ ಹಾಡು ನಿಲ್ಲಲಿಲ್ಲವಲ್ಲ, ಅಪ್ಪನಿಗೆ ಅನುಮಾನ ಬಂತು. ಹೋದ ಬುಧವಾರ ಫೋನನ್ನು ಜೇಬಿಗಿಳಿಸಿಕೊಂಡು ರಿಪೇರಿ ಅಂಗಡಿಗೆ ಹೋದ. ಆ ಅಂಗಡಿಯವನು ಪಾಪ, ಏನೂ ಅರಿಯದೆ, ಈ ಖಾತೆ ಎರಡು ಕಡೆ ನಡೀತಿದೆ ಸಾರ್ ಎಂದು ಹೇಳಿದ್ದಾನೆ. ಅಪ್ಪ ವಾಪಸು ಬಂದಾಗ ಕೂಗಾಡಲಿಲ್ಲ. ಮುಖ ತೊಳೆದ, ಎರಡು ಸಲ ಬಡಿಸಿಕೊಂಡು ಉಂಡ, ವ್ಯಾನಿನ ಚಕ್ರಕ್ಕೆ ಗಾಳಿ ನೋಡಿದ, ಉದ್ದ ಕಬ್ಬಿಣದ ಸಲಾಕೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟ. ಆಮೇಲೆ ಫೋನನ್ನು ತಗಡು ಬಡಿಯುವ ಅಡೆಗಲ್ಲಿನ ಮೇಲಿಟ್ಟು, "ನಿಮ್ಮಮ್ಮ ಸತ್ತಿಲ್ಲ ಕಣೇ, ಆರಾಮಾಗಿ ಹಾಡು ಕೇಳ್ತಾ ಕೂತಿದ್ದಾಳೆ" ಎಂದ. ನಾನು ಫೋನು ಕಸಿಯಲು ಹೋದೆ. ಕಣ್ಣಿನ ಕೆಳಗೆ ಒಂದು ಬಿತ್ತು, ಚಕ್ರಕ್ಕೆ ತಲೆ ಬಡಿದು ಕೆಳಗೆ ಬಿದ್ದೆ. ಎದ್ದಾಗ ನನ್ನ ಕೈಯಲ್ಲಿ ದೊಡ್ಡ ಸುತ್ತಿಗೆ ಇತ್ತು. ಫೋನನ್ನು ಪುಡಿ ಮಾಡಬೇಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು, ಅದು ನಿಜ. ಅವನು ನಕ್ಕು ಫೋನಿನ ಮೇಲೆ ತನ್ನ ಬಲಗೈ ಅಗಲಿಸಿಟ್ಟು, "ಧೈರ್ಯ ಇದ್ರೆ ಹೊಡಿ" ಎಂದ.

ಹೊಡೆದೆ, ಅಮ್ಮಾ. ಡೆಂಟ್ ತೆಗೆಯಲು ಅವನೇ ಕಲಿಸಿದ ಹಾಗೆ, ಭುಜದಿಂದ, ಗುರಿಯ ಮೇಲೆ ಕಣ್ಣಿಟ್ಟು. ಒಂದೇ ಏಟು. ಮೂಳೆಯ ಸದ್ದೂ ಗಾಜಿನ ಸದ್ದೂ ಒಟ್ಟಿಗೇ ಬಂತು. ಅವನು ಕೂಗುವುದನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿದೆ, ಆ ಕುದುರೆ ಹಾಡಿನವನ ಕೂಗಿನ ಹಾಗೇ ಇತ್ತು. ನಾನೇ ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಿಗೆ ಅವನು ಜಾಕ್ ಜಾರಿತು ಎಂದ. ಮಗಳು ಹೊಡೆದಳು ಎಂದು ಹೇಳಿಕೊಳ್ಳುವುದಕ್ಕಿಂತ ಕೈ ಹೋಗುವುದೇ ಅವನಿಗೆ ಮೇಲು. ನಿನ್ನ ಕೈ ಸಿಕ್ಕಿದ್ದ ಕಾರಿನ ಬಾಗಿಲು ಹೊಡೆಯುವಾಗ ನನಗೆ ನೆನಪಾಗಿರಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನೆನಪಾಯಿತು. ನನ್ನ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಅದೊಂದಕ್ಕೆ ನನಗೆ ಭಯವಾಗಿದೆ. ನಾನು ಅವನ ಹಾಗೆ ಆಗಿಬಿಟ್ಟೆನಾ? ನೀನೊಬ್ಬಳೇ ಇದಕ್ಕೆ ಉತ್ತರ ಹೇಳಬಲ್ಲವಳು, ನೀನು ದೂರವಿದ್ದೀಯ.

ನಿನ್ನ ಹೊಲಿಗೆಯ ಸೀಟುಗಳು ಇನ್ನೂ ಮೂರು ಹಾಗೇ ಇವೆ, ಧೂಳು ಹೊಡೆಯುತ್ತಿದ್ದೇನೆ. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ಹೇಳು, ಯಾರ ಮಗಳು ಎಂದು ಮಾತ್ರ ಹೇಳಬೇಡ. ನಿನ್ನ ಕೈಗೊಂದು ಮುತ್ತು, ಆ ಮೂರು ಬೆರಳಿಗೆ ಒಂದೊಂದು ಹೆಚ್ಚಿಗೆ.

ನೀನು ಹೆಸರಿಟ್ಟು ಕರೆಯುತ್ತಿದ್ದ ಹಾಗೇ ಇರುವ,
ನಿನ್ನ ಮೊಂಡಿ

ಮರೆತ ಮಾತು: ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನನ್ನ ಸುತ್ತಿಗೆ ತಡವಾಯಿತು ಅಮ್ಮಾ. ಫೋನಿನಲ್ಲಿ ನಿನ್ನ ಊರಿನ ಹೆಸರನ್ನು ಅವನು ಮೊದಲೇ ಓದಿಕೊಂಡಿದ್ದಾನೆ, ಮಂಚದ ಮೇಲೆ ಮಲಗಿ ಅದನ್ನೇ ಹೇಳಿಕೊಳ್ಳುತ್ತಾನೆ. ವ್ಯಾನಿನಲ್ಲಿ ಐದು ಗಂಟೆಯ ದಾರಿ. ಅವನ ಕೈಯ ಬ್ಯಾಂಡೇಜು ಬಿಚ್ಚಲು ಆರು ವಾರ, ಅಷ್ಟರೊಳಗೆ ಊರು ಬಿಡು. ಬಿಡಲು ಆಗದೇ ಹೋದರೆ ಹೀಗೆ ಮಾಡು. ರೇಡಿಯೋ ನಿಲ್ಲಿಸಬೇಡ, ಅದೇ ಖಾತೆ ಈಗ ನನ್ನ ಫೋನಿನಲ್ಲಿದೆ, ಅವನಿಗೆ ಗೊತ್ತಿಲ್ಲ. ಪತ್ರ ಸಿಕ್ಕಿತು ಎನ್ನಲು ಆ ಹೆಂಗಸರ ಹಾಡಿಗೆ ಒಂದು ಸಲ ಕೆಳಹೆಬ್ಬೆರಳು ಒತ್ತು, ನಿನಗೆ ಕಷ್ಟವೇ, ಆದರೂ ಒತ್ತು, ಮರುದಿನ ನಾನು ಮೇಲೆ ಮಾಡುತ್ತೇನೆ. ನಾನೂ ನಿನ್ನ ಹತ್ತಿರ ಬಂದುಬಿಡಬಹುದಿತ್ತು. ಆದರೆ ಅವನು ಹೊರಡುವುದನ್ನು ನೋಡಲು ಇಲ್ಲಿ ಒಬ್ಬರು ಬೇಕು. ಅವನು ವ್ಯಾನು ಹತ್ತಿದ ಗಳಿಗೆಗೆ ನಾನು ಕುದುರೆ ಹಾಡಿಗೆ ಮೇಲ್ಹೆಬ್ಬೆರಳು ಒತ್ತುತ್ತೇನೆ. ಬೇಡವೆಂದದ್ದನ್ನು ಬೇಕು ಎಂದರೆ ಗಂಟೆಯೊಳಗೆ ಅದು ಬಂದೇ ಬರುತ್ತದೆ, ಬೇರೆ ಹಾಡುಗಳಲ್ಲಿ ನೋಡಿದ್ದೇನೆ. ಕುದುರೆ ಓಡುವ ಸದ್ದು ಕಿವಿಗೆ ಬಿದ್ದರೆ ಡೋಲಿಗೆ ಕಾಯಬೇಡ. ಹೊಲಿಗೆ ಅರ್ಧಕ್ಕೇ ಬಿಟ್ಟು ಎದ್ದು ನಡೆ, ಚಪ್ಪಲಿಯನ್ನೂ ಹುಡುಕಬೇಡ.