ಜಾಕಿಗೆ ಹಾಕಿದ ಮೂಳೆ

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು,
೨೦ ನವೆಂಬರ್ ೨೦೨೫

ಪ್ರೀತಿಯ ನವ್ಯಾ,

ಹೇಗಿದ್ದೀಯಮ್ಮ? ಹಾಸನದಲ್ಲಿ ಚಳಿ ಶುರುವಾಗಿರಬೇಕು. ಬೆಳಗಿನ ಕ್ಲಾಸಿಗೆ ಸ್ವೆಟರ್ ಇಲ್ಲದೆ ಹೋಗಬೇಡ. ಪಶುವೈದ್ಯ ಕಾಲೇಜಿನ ಹಾಸ್ಟೆಲ್ ಊಟ ಈಗಲಾದರೂ ಸೇರುತ್ತಿದೆಯೇ? ನಿಮ್ಮಜ್ಜಿಯ ಮಂಡಿನೋವು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ನಾಲ್ಕು ದಿನದಿಂದ ನೀನು ಫೋನ್ ತೆಗೆಯುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಸರಾ ರಜೆಗೆ ಬಂದಾಗ ನೀನು ನಮ್ಮ ನಾಯಿ ಜಾಕಿಯ ಬಾಯಿ ಬಿಡಿಸಿ, ಹಳದಿ ಕಟ್ಟಿದ ಹಲ್ಲು ತೋರಿಸಿ, "ತಾತ, ವಾರಕ್ಕೊಂದು ಹಸಿ ಮೂಳೆ ಕೊಡು, ದೊಡ್ಡದಿರ್ಲಿ. ಬೇಯಿಸಿದ್ದು ಮಾತ್ರ ಬೇಡ, ಚೂರಾಗುತ್ತೆ. ಅದು ಕಡಿಯೋವರೆಗೂ ಪಕ್ಕದಲ್ಲೇ ಕೂತ್ಕೋ" ಎಂದಿದ್ದೆಯಲ್ಲ? ನಾಯಿಗೂ ಹಲ್ಲುಜ್ಜಿಸಬೇಕೇ ಎಂದು ನಾನು ನಕ್ಕಿದ್ದೆ. ಆದರೂ ಮಟನ್ ಅಂಗಡಿಯಲ್ಲಿ ಹೇಳಿಟ್ಟು ತೊಡೆಮೂಳೆ ತರುತ್ತಿದ್ದೆ. ಜಾಕಿ ಅದನ್ನು ಮುಂಗಾಲುಗಳಲ್ಲಿ ಅದುಮಿಕೊಂಡು, ಕಣ್ಣು ಅರೆಮುಚ್ಚಿ, ಗಂಟೆಗಟ್ಟಲೆ ಕಡಿಯುತ್ತಿತ್ತು. ಚಪ್ಪಲಿ ಕಚ್ಚುವುದನ್ನು ಬಿಟ್ಟಿತು, ಬಾಯಿವಾಸನೆಯೂ ಕಮ್ಮಿಯಾಯಿತು. ಎಪ್ಪತ್ತು ವರ್ಷದಲ್ಲಿ ಎಷ್ಟೋ ನಾಯಿಗಳಿಗೆ ಉಂಡ ತಟ್ಟೆಯ ಮೂಳೆ ಎಸೆದಿದ್ದೇನೆ. ಒಂದರ ಬಾಯನ್ನೂ ಬಿಡಿಸಿ ನೋಡಿರಲಿಲ್ಲ.

ಹೋದ ಭಾನುವಾರ ಅದರ ಗಂಟಲಿಗೆ ಮೂಳೆ ಅಡ್ಡ ಸಿಕ್ಕಿಕೊಂಡಿತು. ಉಸಿರಿಗೆ ಒದ್ದಾಡುತ್ತಿದ್ದ ಅದನ್ನು ನಿಮ್ಮಪ್ಪ ಕಾರಿಗೆ ಹಾಕಿಕೊಂಡು ದೊಡ್ಡಬಳ್ಳಾಪುರಕ್ಕೆ ಓಡಿಸಿದ. ದಾರಿಯುದ್ದಕ್ಕೂ ಅದರ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರು ಮತ್ತಿನ ಇಂಜೆಕ್ಷನ್ ಕೊಟ್ಟು ಚೂರು ತೆಗೆದರು. "ಯಾವ ಮೂಳೆ ಕೊಟ್ರಿ ಯಜಮಾನ್ರೆ?" ಎಂದು ಕೇಳಿದರು. "ಹಸೀದು. ಮೊಮ್ಮಗಳು ಡಾಕ್ಟ್ರು ಓದ್ತಾವ್ಳೆ, ಅವ್ಳೇ ಹೇಳಿದ್ಲು" ಎಂದೆ. ಅದನ್ನು ಕೇಳಿಯೇ ನಿಮ್ಮಪ್ಪ ಅಲ್ಲಿಂದಲೇ ನಿನಗೆ ಫೋನ್ ಮಾಡಿ, "ಎರಡು ವರ್ಷ ಓದಿ ಕಲ್ತಿದ್ದು ಇದೇನಾ?" ಎಂದು ಬೈದದ್ದು. ಆವತ್ತಿನಿಂದಲೇ ನೀನು ಫೋನ್ ತೆಗೆಯುತ್ತಿಲ್ಲ. ಜಾಕಿ ನಿನ್ನೆಯಿಂದ ಗಂಜಿ ಕುಡಿಯುತ್ತಿದೆ, ಬದುಕಿಕೊಂಡಿತು.

ಅಜ್ಜಿಯೂ ನಾನೂ ದಿನಾ ನಿನ್ನನ್ನೇ ನೆನೆಯುತ್ತೇವೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಾತ,
ಗೋಪಾಲಪ್ಪ

ಲಕೋಟೆ ಅಂಟಿಸುವ ಮುಂಚೆ: ಅದು ಹಸಿ ಮೂಳೆಯಲ್ಲ ನವ್ಯಾ. ಆವತ್ತು ಅಂಗಡಿಗೆ ಹೋಗಲು ಬೇಜಾರಾಗಿ, ಸಾರಿನಲ್ಲಿ ಬೆಂದದ್ದನ್ನೇ ಹಾಕಿ, ಒಳಗೆ ಹೋಗಿ ಮಲಗಿಬಿಟ್ಟೆ. ಡಾಕ್ಟರ ಮುಂದೆ ಮರ್ಯಾದೆ ಹೋಗುತ್ತದೆಂದು ನಿನ್ನ ಹೆಸರು ಹೇಳಿದೆ. ಇವತ್ತು ಬೆಳಿಗ್ಗೆ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಮುದ್ದೆ ತಟ್ಟೆಗಿಟ್ಟು, "ಮಗೀಗೆ ಯಾಕಪ್ಪಾ ಹಂಗಂದ್ಬಿಟ್ಟೆ ನಾನು" ಎಂದು ಎದ್ದುಹೋದ. ಮೂವತ್ತನೇ ತಾರೀಖು ಇಬ್ಬರೂ ಹಾಸನಕ್ಕೆ ಬರುತ್ತೇವೆ. ಅವನು ಗೊತ್ತಿಲ್ಲದೆ ಬೈದ. ನಾನು ಗೊತ್ತಿದ್ದೇ ಸುಮ್ಮನಿದ್ದೆ. ಬೈಯುವುದಿದ್ದರೆ ಮೊದಲು ನನ್ನನ್ನು ಬೈಯಿ.